ಪ್ರಸಾದವೂ ಪಥ್ಯವೂ

(ಶ್ರೀಮಠದ ಸುವರ್ಣ ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಈ ದಿನಗಳಲ್ಲಿ ಧರ್ಮ, ತತ್ತ್ವ, ಸಾಹಿತ್ಯಗಳನ್ನು ಕುರಿತು ವಿದ್ವಾಂಸರು ಆಡಿದ ನುಡಿಗಳನ್ನು ಕೇಳಿ ತಮ್ಮೆಲ್ಲರ ಮನಸ್ಸು ತಣಿದಿದೆ. ಅಂತಹ ಪಾಂಡಿತ್ಯ ನನ್ನಲ್ಲಿಲ್ಲ. ನಾನು ಪಾಠಶಾಲೆಯಲ್ಲಿ ಮೂವತ್ತು ವರುಷ ರಸಾಯನಶಾಸ್ತ್ರವನ್ನು ಕಲಿಸಿ ನಿವೃತ್ತನಾದ ಉಪಾಧ್ಯಾಯನು, ವೈದ್ಯನೂ ಅಲ್ಲ. ಆದರೆ ಪೂಜ್ಯರು ನನ್ನನ್ನು ಕರೆಯಿಸಿ, "ಮಾಸ್ತರರೇ, ನಿಮ್ಮ ಮನೆಯಲ್ಲಿ ನಡೆದುದನ್ನೇ ಹೇಳಿರಿ, ಕೇಳಿದವರಲ್ಲಿ ಒಬ್ಬರಿಗಾದರೂ ಉಪಯೋಗವಾದೀತು" ಎಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯನ್ನು ಶಿರಸಾವಹಿಸಿ ಬಂದಿರುವೆನು.

ನನ್ನ ವಿಷಯವು ಉಪ್ಪಿನ ವಿಷಯ. ಇನ್ನೂ ನಿಖರವಾಗಿ ಹೇಳುವುದಾದರೆ, ಉಪ್ಪಿನೊಳಗೆ ಅಡಗಿರುವ ಅಯೋಡಿನ್ ಎಂಬ ಮೂಲವಸ್ತುವಿನ ವಿಷಯ. ನನ್ನ ಸಹಧರ್ಮಿಣಿಗೆ ಥೈರಾಯಿಡ್ ಗ್ರಂಥಿಯ ಅರ್ಬುದರೋಗವು, ಎಂದರೆ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗವು, ತಗಲಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೊಂದು ಚಿಕಿತ್ಸೆ ಉಳಿದಿತ್ತು. ಅದಕ್ಕೆ ಮೊದಲು ಎರಡು ವಾರಗಳ ಕಾಲ ವಿಶೇಷವಾದ ಪಥ್ಯವನ್ನು ಮಾಡತಕ್ಕದ್ದೆಂದು ವೈದ್ಯರು ವಿಧಿಸಿದರು. ಆ ಪಥ್ಯದಲ್ಲಿ ನಾವು ಒಂದು ಸಲ ತಪ್ಪಿದೆವು. ಆ ತಪ್ಪು ಪ್ರಾಣಕ್ಕೇ ಎರವಾಗುವುದರಲ್ಲಿತ್ತು. ಎರಡನೆಯ ಸಲ ಧರ್ಮಸಂಕಟಕ್ಕೆ ಸಿಕ್ಕಿದೆವು. ಅದರಿಂದ ಪಾರಾದುದು ಗುರುವಿನ ಒಂದು ಮಾತಿನಿಂದ. ಇವೆರಡನ್ನೂ ತಮ್ಮ ಮುಂದೆ ಇಡುವುದೇ ನನ್ನ ಉದ್ದೇಶ.

ಮೊದಲು ಆ ಗ್ರಂಥಿಯ ಪರಿಚಯವನ್ನು ಮಾಡಿಕೊಳ್ಳೋಣ. ನಮ್ಮ ಕೊರಳಿನ ಮುಂಭಾಗದಲ್ಲಿ, ಗಂಟಲಿನ ಗಡಸು ಭಾಗಕ್ಕೆ ಸ್ವಲ್ಪ ಕೆಳಗೆ, ರೆಕ್ಕೆ ಬಿಚ್ಚಿದ ಪಾತರಗಿತ್ತಿಯ ಆಕಾರದಲ್ಲಿ ಅದು ಶ್ವಾಸನಾಳವನ್ನು ಅಪ್ಪಿಕೊಂಡಿರುತ್ತದೆ. ಗಾತ್ರ ಚಿಕ್ಕದು, ಕಾಯಕ ದೊಡ್ಡದು. ಶರೀರದ ಕಾವು, ಹೃದಯದ ಬಡಿತ, ಅನ್ನವು ಶಕ್ತಿಯಾಗುವ ವೇಗ, ಶಿಶುವಿನ ಮಿದುಳಿನ ಬೆಳವಣಿಗೆ, ಇವೆಲ್ಲ ಅದು ಸ್ರವಿಸುವ ರಸದ ಅಂಕೆಯಲ್ಲಿವೆ. ಆ ರಸವನ್ನು ಸಿದ್ಧಪಡಿಸಲು ಅದಕ್ಕೆ ಅಯೋಡಿನ್ ಬೇಕು. ಬೆಳೆದ ಮನುಷ್ಯನಿಗೆ ದಿನವೊಂದಕ್ಕೆ ೧೫೦ ಮೈಕ್ರೋಗ್ರಾಂ ಸಾಕು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಮೈಕ್ರೋಗ್ರಾಂ. ಇಷ್ಟು ಅಲ್ಪವಾದುದಕ್ಕಾಗಿ ಈ ಗ್ರಂಥಿಯು ರಕ್ತದಲ್ಲಿ ಹರಿದುಬರುವ ಅಯೋಡಿನ್ನನ್ನು ಹೊಂಚುಹಾಕಿ ಹಿಡಿದು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಶರೀರದ ಬೇರಾವ ಅಂಗಕ್ಕೂ ಅದರ ಮೇಲೆ ಇಷ್ಟೊಂದು ಆಸೆಯಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು. ಚಿಕಿತ್ಸೆಯ ಗುಟ್ಟೆಲ್ಲ ಇದರಲ್ಲಿಯೇ ಇದೆ.

ಈ ಮೂಲವಸ್ತುವನ್ನು ಲೋಕಕ್ಕೆ ತೋರಿಸಿಕೊಟ್ಟವನು ಫ್ರಾನ್ಸ್ ದೇಶದ ಬರ್ನಾರ್ಡ್ ಕೂರ್ತ್ವಾ ಎಂಬಾತನು. ೧೮೧೧ರಲ್ಲಿ ಆತನು ಕಡಲಪಾಚಿಯನ್ನು ಸುಟ್ಟ ಬೂದಿಯಿಂದ ಕ್ಷಾರವನ್ನು ತೆಗೆಯುತ್ತಿರುವಾಗ ನೇರಿಳೆಬಣ್ಣದ ಹೊಗೆಯೆದ್ದಿತು. ಅದು ತಣಿದಾಗ ಹೊಳೆಯುವ ಕಪ್ಪು ಹರಳುಗಳಾದುವು. ಅದೇ ಅಯೋಡಿನ್. ಕಡಲಿನಲ್ಲಿ ಅದು ಹೇರಳ. ಮಳೆಗೆ ಮಣ್ಣು ತೊಳೆದುಹೋದ ಬೆಟ್ಟದ ಸೀಮೆಗಳಲ್ಲಿ ವಿರಳ. ಆದುದರಿಂದಲೇ ಹಿಮಾಲಯದ ತಪ್ಪಲಿನಲ್ಲಿ ಗಳಗಂಡವು ಮನೆಮನೆಯ ರೋಗವಾಗಿತ್ತು. ಡಾಕ್ಟರ್ ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ೧೯೫೬ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಪ್ರಯೋಗವನ್ನಾರಂಭಿಸಿ, ಉಪ್ಪಿನಲ್ಲಿ ಅಯೋಡಿನ್ ಬೆರೆಸಿ ಕೊಟ್ಟರೆ ಗಳಗಂಡವು ಇಳಿಮುಖವಾಗುವುದೆಂಬುದನ್ನು ತೋರಿಸಿದರು. ೧೯೬೨ರಲ್ಲಿ ಭಾರತ ಸರಕಾರವು ಗಳಗಂಡ ನಿವಾರಣೆಯ ರಾಷ್ಟ್ರೀಯ ಯೋಜನೆಯನ್ನು ಕೈಕೊಂಡಿತು. ಈಗ ನಮ್ಮ ಅಂಗಡಿಗಳಲ್ಲಿ ಊಟಕ್ಕೆಂದು ಮಾರುವ ಉಪ್ಪು ಅಯೋಡಿನ್ ಬೆರೆಸಿದುದೇ ಆಗಿರಬೇಕೆಂಬ ಕಟ್ಟಳೆಯಿದೆ. ಅದು ಮನೆಗೆ ಬರುವ ಹೊತ್ತಿಗೆ ಒಂದು ಗ್ರಾಂ ಉಪ್ಪಿನಲ್ಲಿ ಕನಿಷ್ಠ ೧೫ ಮೈಕ್ರೋಗ್ರಾಂ ಅಯೋಡಿನ್ ಉಳಿದಿರತಕ್ಕದ್ದು.

ಇನ್ನು ರೋಗದ ಮಾತಿಗೆ ಬರೋಣ. ಥೈರಾಯಿಡ್ ಅರ್ಬುದದಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಹೆಚ್ಚಾಗಿ ಕಾಣತಕ್ಕ ಎರಡು ಜಾತಿಗಳ ಕಣಗಳು, ಕೆಟ್ಟಮೇಲೂ ತಮ್ಮ ಹುಟ್ಟುಗುಣವನ್ನು ಪೂರ್ತಿಯಾಗಿ ಬಿಟ್ಟಿರುವುದಿಲ್ಲ. ಅಯೋಡಿನ್ನನ್ನು ಹಿಡಿಯುವ ಚಟ ಅವುಗಳಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಶಸ್ತ್ರವೈದ್ಯರು ಗ್ರಂಥಿಯನ್ನು ತೆಗೆದುಹಾಕಿದ ಮೇಲೂ ಕಣ್ಣಿಗೆ ಕಾಣದ ಚೂರುಗಳು ಕೊರಳಿನಲ್ಲಿಯೋ ಬೇರೆಡೆಯಲ್ಲಿಯೋ ಉಳಿಯಬಹುದಷ್ಟೆ. ಅವುಗಳನ್ನು ಕತ್ತಿಯಿಂದ ಹುಡುಕಲಾಗದು. ಅದಕ್ಕಾಗಿ ಕಿರಣ ಸೂಸುವ ಒಂದು ಬಗೆಯ ಅಯೋಡಿನ್ನನ್ನು ನುಂಗಲು ಕೊಡುತ್ತಾರೆ. ಅದಕ್ಕೆ ಅಯೋಡಿನ್-೧೩೧ ಎಂದು ಹೆಸರು. ಅದು ಬಾಯಿಯ ಮೂಲಕ ಹೋಗಿ ರಕ್ತವನ್ನು ಸೇರಿ, ತನ್ನನ್ನು ಬಯಸುವ ಕಣಗಳನ್ನು ತಾನೇ ಹುಡುಕಿಕೊಂಡು ಹೋಗಿ, ಒಳಹೊಕ್ಕು, ಎರಡು ಮಿಲಿಮೀಟರಿನಷ್ಟು ದೂರಕ್ಕೆ ಮಾತ್ರ ಹಾಯುವ ಕಿರಣಗಳಿಂದ ಅವುಗಳನ್ನು ಸುಡುತ್ತದೆ. ಎಂಟು ದಿನಗಳಲ್ಲಿ ಅದರ ಶಕ್ತಿ ಅರ್ಧವಾಗುತ್ತದೆ. ಮತ್ತೆ ಎಂಟು ದಿನಗಳಲ್ಲಿ ಕಾಲು ಭಾಗಕ್ಕಿಳಿಯುತ್ತದೆ. ಅಮೆರಿಕೆಯಲ್ಲಿ ೧೯೪೧ರಲ್ಲಿ ಸಾಲ್ ಹರ್ಟ್ಸ್ ಎಂಬ ವೈದ್ಯನು ಥೈರಾಯಿಡ್ ಗ್ರಂಥಿಯ ಅತಿಸ್ರಾವಕ್ಕೆ ಕಿರಣ ಸೂಸುವ ಅಯೋಡಿನ್ನನ್ನು ಮೊದಲು ಕೊಟ್ಟನು. ಅರ್ಬುದದಲ್ಲಿ ಅದರ ಪ್ರಯೋಜನವನ್ನು ಕುರಿತು ಸ್ಯಾಮ್ಯುಯೆಲ್ ಸೈಡ್ಲಿನ್ ಎಂಬಾತನೂ ಅವನ ಜತೆಗಾರರೂ ೧೯೪೬ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ೧೯೬೩ರಲ್ಲಿ ಮುಂಬಯಿಯಲ್ಲಿ ಇಂತಹ ಚಿಕಿತ್ಸೆಗೆಂದೇ ವಿಕಿರಣ ವೈದ್ಯಕೇಂದ್ರವು ಸ್ಥಾಪನೆಯಾಯಿತು. ಎಲ್ಲ ಥೈರಾಯಿಡ್ ಅರ್ಬುದಗಳಿಗೂ ಇದು ಹೊಂದುವುದಿಲ್ಲ. ಹೊಂದುವ ಜಾತಿಯಲ್ಲಿಯೂ, ರೋಗ ಅಲ್ಪವಾಗಿದ್ದರೆ ಬೇಕಾಗುವುದೂ ಇಲ್ಲ. ಅದನ್ನು ನಿರ್ಣಯಿಸತಕ್ಕವರು ವೈದ್ಯರು.

ಹಾಗಾದರೆ ಪಥ್ಯವೇಕೆ? ತಾವೆಲ್ಲ ಶ್ರೀಮಠದ ದಾಸೋಹದ ಪಂಕ್ತಿಯನ್ನು ಕಂಡವರು. ಪಂಕ್ತಿಯಲ್ಲಿ ನೂರು ಎಲೆ ಹಾಕಿದೆ ಎಂದಿಟ್ಟುಕೊಳ್ಳಿರಿ. ನೂರು ಮಂದಿ ಮೊದಲೇ ಕುಳಿತುಬಿಟ್ಟರೆ, ಆಮೇಲೆ ಬಂದವನು ಎಷ್ಟೇ ದೊಡ್ಡವನಾಗಲಿ ಬಾಗಿಲಲ್ಲಿ ನಿಲ್ಲಬೇಕು. ಶರೀರದೊಳಗಿನ ಪಂಕ್ತಿಯೂ ಹಾಗೆಯೇ. ಊಟದ ಉಪ್ಪಿನಿಂದ, ಹಾಲಿನಿಂದ ಬಂದ ಸಾಮಾನ್ಯ ಅಯೋಡಿನ್ ರಕ್ತದಲ್ಲಿ ತುಂಬಿದ್ದರೆ, ಔಷಧಿಯಾಗಿ ಬಂದ ಅಯೋಡಿನ್ನಿಗೆ ಎಲೆ ಸಿಕ್ಕುವುದಿಲ್ಲ. ಸಾಮಾನ್ಯವಾದುದೂ ಕಿರಣ ಸೂಸುವುದೂ ಆ ಕಣಗಳ ದೃಷ್ಟಿಗೆ ಒಂದೇ. ಯಾವುದು ಮೊದಲು ಬಂದರೆ ಅದನ್ನೇ ಹಿಡಿಯುತ್ತವೆ. ಆದುದರಿಂದ ಚಿಕಿತ್ಸೆಗೆ ಮೊದಲು ಒಂದೆರಡು ವಾರ ಆ ಕಣಗಳನ್ನು ಹಸಿದಿರಿಸಬೇಕು. ದಿನಕ್ಕೆ ೧೫೦ ಮೈಕ್ರೋಗ್ರಾಂ ಬೇಕಾಗುವಲ್ಲಿ ೫೦ಕ್ಕಿಂತ ಕಡಿಮೆ ಕೊಡಬೇಕು. ಇದರಿಂದ ಮೂತ್ರದಲ್ಲಿ ಹೋಗುವ ಅಯೋಡಿನ್ ತಗ್ಗುವುದೂ, ಔಷಧಿಯನ್ನು ಕಣಗಳು ಹೆಚ್ಚಾಗಿ ಹೀರುವುದೂ ಕಂಡುಬಂದಿದೆ. ರೋಗವು ಬಹುಕಾಲದ ಮೇಲೆ ಮರಳದಿರುವುದಕ್ಕೆ ಈ ಪಥ್ಯವೊಂದೇ ಕಾರಣವಾಗುವುದೆಂದು ಹೇಳುವಷ್ಟು ಪ್ರಮಾಣವಿಲ್ಲ. ಆದರೂ ಖರ್ಚಿಲ್ಲದ, ಕೆಲವೇ ದಿನಗಳ ಈ ನಿಯಮವನ್ನು ವೈದ್ಯಲೋಕವು ವಿಧಿಸುತ್ತಲೇ ಬಂದಿದೆ.

ಲೆಕ್ಕವನ್ನು ನೋಡಿರಿ. ದಿನಕ್ಕೆ ೧೦ ಗ್ರಾಂ ಉಪ್ಪು ತಿನ್ನುವ ಮನೆಯಲ್ಲಿ ಉಪ್ಪಿನಿಂದಲೇ ೧೫೦ ಮೈಕ್ರೋಗ್ರಾಂ ಅಯೋಡಿನ್ ಸೇರುತ್ತದೆ. ಒಂದು ಚಮಚೆ, ಎಂದರೆ ೫ ಗ್ರಾಂ, ತಿಂದರೂ ೭೫. ಆದಕಾರಣ ಅಯೋಡಿನ್ ಬೆರೆತ ಉಪ್ಪನ್ನು ಪೂರ್ತಿಯಾಗಿ ನಿಲ್ಲಿಸದ ಹೊರತು ಈ ಪಥ್ಯವು ಸಾಧಿಸದು. ನಿಲ್ಲಿಸುವುದೆಂದರೆ ಅಡಿಗೆಯ ಡಬ್ಬಿಯ ಉಪ್ಪು ಮಾತ್ರವಲ್ಲ. ಅದೇ ಉಪ್ಪಿನಿಂದ ಹಿಂದೆ ಮಾಡಿಟ್ಟ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಅಂಗಡಿಯ ಖಾರ ಪದಾರ್ಥಗಳು, ಹೋಟೆಲಿನ ತಿಂಡಿಗಳು ಎಲ್ಲವೂ.

ಎರಡನೆಯದು ಹಾಲು. ನಾವು ಸಸ್ಯಾಹಾರಿಗಳು, ಕಡಲಮೀನು, ಮೊಟ್ಟೆ ಮೊದಲಾದ ನಿಷೇಧಗಳು ನಮಗೆ ಹೊಸವಲ್ಲ. ಆದರೆ ಹಾಲು? ಹಸುವಿನ ಮೇವಿನ ಮೂಲಕವೂ, ಹಾಲು ಕರೆಯುವಾಗ ಕೆಚ್ಚಲನ್ನು ಶುದ್ಧಿಮಾಡಲು ಕೆಲವೆಡೆ ಬಳಸುವ ಅಯೋಡಿನ್ ದ್ರಾವಣದ ಮೂಲಕವೂ ಹಾಲಿನಲ್ಲಿ ಅಯೋಡಿನ್ ಸೇರುತ್ತದೆ. ಹಾಲು ಬಿಟ್ಟರೆ ಮೊಸರು, ಮಜ್ಜಿಗೆ, ಬೆಣ್ಣೆ, ಪೇಡೆ, ಕುಂದಾ ಎಲ್ಲವೂ ಹೋದವು. ತುಪ್ಪವನ್ನೂ ವೈದ್ಯರನ್ನು ಕೇಳದೆ ಬಳಸಬಾರದು. ಮಜ್ಜಿಗೆಯಿಲ್ಲದ ಊಟವನ್ನು ಊಟವೆಂದು ನಮ್ಮ ಸೀಮೆಯಲ್ಲಿ ಯಾರು ಕರೆದಾರು? ಇದೇ ನಮಗೆ ಕಷ್ಟವಾದ ಭಾಗ.

ಮೂರನೆಯದಾಗಿ, ಅಂಗಡಿಯ ಬ್ರೆಡ್ಡು, ಬಿಸ್ಕತ್ತುಗಳು. ಕೆಂಪು ಬಣ್ಣಕ್ಕಾಗಿ ಎರಿಥ್ರೋಸಿನ್ ಎಂಬ ಅಯೋಡಿನ್‌ಯುಕ್ತ ಬಣ್ಣ ಹಾಕಿದ ಮಿಠಾಯಿಗಳು. ಕಡಲಪಾಚಿಯಿಂದ ತೆಗೆದ ಪದಾರ್ಥಗಳು. ಸೋಯಾ ಅವರೆಯ ತಿನಿಸುಗಳು. ನಾಲ್ಕನೆಯದಾಗಿ, ಔಷಧಿಗಳು. ಶಕ್ತಿಗೆಂದು ನುಂಗುವ ಜೀವಸತ್ತ್ವದ ಗುಳಿಗೆಗಳು, ಕೆಲವು ಕೆಮ್ಮಿನ ಪಾನಕಗಳು, ಗಾಯಕ್ಕೆ ಹಚ್ಚುವ ಕಂದುಬಣ್ಣದ ಅಯೋಡಿನ್ ಮುಲಾಮು, ಇವುಗಳಲ್ಲಿಯೂ ಅದಿದೆ. ಕ್ಷಕಿರಣದ ಸ್ಕ್ಯಾನ್ ತೆಗೆಯುವಾಗ ನರಕ್ಕೆ ಚುಚ್ಚುವ ಬಣ್ಣದ ಮದ್ದಿನಲ್ಲಂತೂ ಅಪಾರವಾಗಿದೆ; ಅದನ್ನು ಚುಚ್ಚಿಸಿಕೊಂಡಿದ್ದರೆ ಚಿಕಿತ್ಸೆಯನ್ನು ಒಂದೆರಡು ತಿಂಗಳು ಮುಂದಕ್ಕೆ ಹಾಕಬೇಕಾಗಬಹುದು. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಎಂಬ ಗುಳಿಗೆಯ ಅಯೋಡಿನ್ ತಿಂಗಳುಗಟ್ಟಲೆ ಉಳಿಯುತ್ತದೆ. ಇಂತಹವನ್ನು ತಾವಾಗಿ ನಿಲ್ಲಿಸಲಾಗದು. ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸತಕ್ಕದ್ದು.

ಇಷ್ಟನ್ನು ಕೇಳಿ, "ಇನ್ನು ತಿನ್ನುವುದೇನು?" ಎಂದು ತಾಯಂದಿರು ಚಿಂತಿಸಬೇಕಾಗಿಲ್ಲ. ನಮ್ಮ ಹಿರಿಯರ ಅಡಿಗೆಯೇ ಈ ಪಥ್ಯಕ್ಕೆ ಹೇಳಿಮಾಡಿಸಿದಂತಿದೆ. ಜೋಳದ ರೊಟ್ಟಿಗೆ ಹಿಟ್ಟೂ ಬಿಸಿನೀರೂ ಸಾಕು; ಉಪ್ಪು ಬೇಡ, ಹಾಲು ಬೇಡ. ಸಜ್ಜೆ, ನವಣೆ, ಅಕ್ಕಿ, ಗೋದಿ. ತೊಗರಿ, ಹೆಸರು, ಕಡಲೆ. ಬದನೆ, ಹೀರೆ, ಸವತೆ. ಸಿಪ್ಪೆ ತೆಗೆದ ಆಲೂಗಡ್ಡೆ. ಬಾಳೆ, ಪೇರಲ, ದಾಳಿಂಬೆ. ಉಪ್ಪು ಹಾಕದೆ ಹುರಿದ ಶೇಂಗಾ. ಎಣ್ಣೆ, ಸಕ್ಕರೆ, ಹಾಲು ಬೆರೆಸದ ಚಹ ಅಥವಾ ಕಷಾಯ, ಇವೆಲ್ಲ ಸಲ್ಲುತ್ತವೆ. ಮನೆಯಲ್ಲಿ ಕುಟ್ಟಿದ ಮೆಣಸು, ಜೀರಿಗೆ, ಕೊತ್ತಂಬರಿ, ಹುಣಿಸೆ, ನಿಂಬೆ ಇವುಗಳಿಂದ ಬೇಕಾದಷ್ಟು ರುಚಿ ಬರುತ್ತದೆ. ಉಪ್ಪು ಕೂಡ ಸಲ್ಲುತ್ತದೆ, ಅಯೋಡಿನ್ ಬೆರೆಸದ ಉಪ್ಪಾಗಿದ್ದರೆ. ಅದು ಎಲ್ಲಿ ಸಿಕ್ಕುವುದೆಂದು ಆಸ್ಪತ್ರೆಯವರನ್ನೇ ಕೇಳಬೇಕು. ಸೈಂಧವಲವಣವೆಂದು ಮಾರುವುದರಲ್ಲಿಯೂ ಅಯೋಡಿನ್ ಬೆರೆಸಿದ ಪೊಟ್ಟಣಗಳುಂಟಾದುದರಿಂದ, ಮೇಲೆ ಬರೆದುದನ್ನು ಓದದೆ ಕೊಳ್ಳಬಾರದು.

ಈ ಕೊನೆಯ ಮಾತಿನಲ್ಲಿಯೇ ನಾವು ಎಡವಿದುದು. ಆಸ್ಪತ್ರೆಯವರು ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಅಯೋಡಿನ್ ಬೆರೆತ ಉಪ್ಪು ಬೇಡವೆಂದು ಅದರಲ್ಲಿ ಬರೆದಿತ್ತು. ನಾನು ಅದನ್ನು ಮನೆಯಲ್ಲಿ ಅವಸರವಾಗಿ ಓದಿ ಹೇಳುವಾಗ, "ಉಪ್ಪು ಬೇಡವಂತೆ" ಎಂದುಬಿಟ್ಟೆನು. ರಸಾಯನಶಾಸ್ತ್ರದ ಉಪಾಧ್ಯಾಯನ ಬಾಯಿಂದ ಬಂದ ಮಾತು ಇದು! ನನ್ನ ಮನೆಯವರು ವ್ರತನಿಷ್ಠರು. "ಅಷ್ಟೇ ತಾನೆ? ಉಪ್ಪಿಲ್ಲದ ವ್ರತವನ್ನು ಎಷ್ಟೋ ಸಲ ಮಾಡಿಲ್ಲವೇನ್ರೀ" ಎಂದು ಅಂದಿನಿಂದಲೇ ಉಪ್ಪನ್ನು ಸಂಪೂರ್ಣವಾಗಿ ತ್ಯಜಿಸಿದರು. ಎರಡು ವಾರವೆಂದು ಹೇಳಿದ್ದರೆ ಮೂರು ವಾರ ಮಾಡೋಣ, ಇನ್ನೂ ಒಳ್ಳೆಯದಾದೀತು ಎಂದರು. ನೀರನ್ನು ಮಾತ್ರ ಹೇರಳವಾಗಿ ಕುಡಿದರು.

ಇಲ್ಲಿ ಇನ್ನೊಂದು ಸಂಗತಿಯನ್ನು ತಿಳಿಯಬೇಕು. ಗ್ರಂಥಿಯನ್ನು ತೆಗೆದ ಮೇಲೆ ಅದರ ರಸವನ್ನು ಗುಳಿಗೆಯ ರೂಪದಲ್ಲಿ ದಿನವೂ ನುಂಗಬೇಕಾಗುತ್ತದೆ. ಈ ಚಿಕಿತ್ಸೆಗೆ ಮೊದಲು ಹಲವರಿಗೆ ಆ ಗುಳಿಗೆಯನ್ನು ಮೂರು ನಾಲ್ಕು ವಾರ ನಿಲ್ಲಿಸುತ್ತಾರೆ. ನಿಲ್ಲಿಸಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು, ರಸವೆಲ್ಲಿ ಎಂದು ಗದರಿಸುವಂತೆ ತನ್ನ ಪ್ರೇರಕರಸವನ್ನು ಹೆಚ್ಚಾಗಿ ಕಳುಹಿಸುತ್ತದೆ. ಆ ಗದರಿಕೆಗೆ ಉಳಿದ ಕಣಗಳು ಅಯೋಡಿನ್ನಿಗಾಗಿ ಇನ್ನಷ್ಟು ಬಾಯಿತೆರೆಯುತ್ತವೆ. ಗುಳಿಗೆ ನಿಲ್ಲಿಸದೆ ಚುಚ್ಚುಮದ್ದಿನಿಂದಲೂ ಇದನ್ನು ಸಾಧಿಸಬಹುದು. ಆದರೆ ಅದರ ಬೆಲೆ ಬಹಳ. ನಮಗೆ ಗುಳಿಗೆಯನ್ನೇ ನಿಲ್ಲಿಸಿದ್ದರು. ಹೀಗೆ ರಸವಿಲ್ಲದ ಶರೀರವು ಮಂದವಾಗುತ್ತದೆ. ಚಳಿ, ಮಲಬದ್ಧತೆ, ಮುಖದ ಬಾವು, ಜಡತೆ ತೋರುತ್ತವೆ. ಕುಡಿದ ನೀರನ್ನು ಹೊರಹಾಕುವ ಶಕ್ತಿಯೂ ಕುಗ್ಗುತ್ತದೆ. ಅಂತಹ ಸ್ಥಿತಿಯಲ್ಲಿ ಉಪ್ಪನ್ನು ಬಿಟ್ಟು ನೀರನ್ನು ತುಂಬಿದರೆ ರಕ್ತದ ಸೋಡಿಯಮ್ ತೆಳುವಾಗುತ್ತದೆ. ವಯಸ್ಸಾದವರಿಗೆ, ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಈ ಅಪಾಯ ಇನ್ನೂ ಹೆಚ್ಚು. ನನ್ನ ಮನೆಯವರಿಗೆ ಅರುವತ್ತು ದಾಟಿತ್ತು. ರಕ್ತದೊತ್ತಡಕ್ಕಾಗಿ ಅಂತಹ ಗುಳಿಗೆಯನ್ನು ನುಂಗುತ್ತಲೂ ಇದ್ದರು.

ಹದಿನಾರನೆಯ ದಿನ ಬೆಳಗಿನಲ್ಲಿ ಅವರು ಪೂಜೆಗೆ ಕುಳಿತವರು ಮಂತ್ರವನ್ನು ಮರೆತರು. ಐವತ್ತು ವರುಷ ತಪ್ಪದೆ ಜಪಿಸಿದ ಪಂಚಾಕ್ಷರಿಯನ್ನು ಮರೆತು, ಅಂಗೈಯ ಇಷ್ಟಲಿಂಗವನ್ನು ಸುಮ್ಮನೆ ನೋಡುತ್ತ ಕುಳಿತರು. "ಏನಾಯಿತು?" ಎಂದು ಕೇಳಿದರೆ ತವರೂರಿನ ಹೆಸರನ್ನು ಹೇಳಿದರು. ಮಧ್ಯಾಹ್ನಕ್ಕೆ ವಾಂತಿಯಾಗಿ ಎಚ್ಚರ ತಪ್ಪಿತು. ಆಸ್ಪತ್ರೆಗೆ ಒಯ್ದೆವು. ಅವರು ರಕ್ತವನ್ನು ಪರೀಕ್ಷಿಸಿ, ಸೋಡಿಯಮ್ ಅಪಾಯಕರವಾಗಿ ಇಳಿದಿದೆ ಎಂದರು. ಮೆಲ್ಲಮೆಲ್ಲನೆ, ಅಳತೆಮಾಡಿ, ನರದ ಮೂಲಕ ಉಪ್ಪುನೀರನ್ನು ಕೊಟ್ಟರು. ಅದನ್ನು ಅವಸರದಿಂದ ಏರಿಸಿದರೂ ಮಿದುಳಿಗೆ ಕೇಡೆಂದು ವಿವರಿಸಿದರು. ಮೂರನೆಯ ದಿನ ನನ್ನನ್ನು ಗುರುತಿಸಿದರು. ಅಲ್ಲಿನ ಒಬ್ಬ ತರುಣ ವೈದ್ಯರು ನನಗೆ, "ಮಾಸ್ತರರೇ, ಬಿಡಬೇಕಾದುದು ಅಯೋಡಿನ್ನು, ಉಪ್ಪಲ್ಲ" ಎಂದರು. ಆ ಮಾತನ್ನು ನಾನು ಮರೆಯಲಾರೆನು. ಇದನ್ನು ಈ ಸಭೆಯಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿರುವೆನು. ನಾಚಿಕೆಯಿಂದ ಮುಚ್ಚಿಟ್ಟ ತಪ್ಪು ಇನ್ನೊಂದು ಮನೆಯಲ್ಲಿ ಮತ್ತೆ ಹುಟ್ಟುತ್ತದೆ.

ಚಿಕಿತ್ಸೆಯು ಕೆಲವು ತಿಂಗಳು ಮುಂದಕ್ಕೆ ಹೋಯಿತು. ಮತ್ತೆ ದಿನ ಗೊತ್ತಾದಾಗ ಪಥ್ಯದ ಕಾಲವು ಶ್ರೀಮಠದ ಜಾತ್ರೆಯ ಕಾಲಕ್ಕೆ ಕೂಡಿಬಂದಿತು. ಈ ಸಲ ಅಯೋಡಿನ್ ಬೆರೆಸದ ಉಪ್ಪನ್ನು ತಂದು, ಕಾಗದವನ್ನು ಕನ್ನಡದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದ್ದೆವು. ಆದರೆ ಪ್ರತಿವರುಷವೂ ಜಾತ್ರೆಯ ಐದು ದಿನ ದಾಸೋಹದಲ್ಲಿ ರೊಟ್ಟಿ ತಟ್ಟಿ, ಪಂಕ್ತಿಯ ಕೊನೆಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು ಅವರ ನೇಮ. ದಾಸೋಹದ ಸಾರಿನಲ್ಲಿ ಅಂಗಡಿಯ ಉಪ್ಪು, ಹುಗ್ಗಿಯಲ್ಲಿ ಹಾಲು, ಕೊನೆಗೆ ಮಜ್ಜಿಗೆ. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವನ್ನು ಬೇಡವೆನ್ನುವುದು ಹೇಗೆ? ಒಲ್ಲೆನೆಂದರೆ ಗುರುವಿಗೆ ಅಪಚಾರ. ಉಂಡರೆ ವೈದ್ಯರ ಮಾತಿಗೆ ಭಂಗ. "ಪ್ರಸಾದದಿಂದ ಕೇಡಾದೀತೆ?" ಎಂದು ನೆರೆಯವರು ಧೈರ್ಯ ಹೇಳಿದರು. ಅವರ ಭಕ್ತಿಯನ್ನು ನಾನು ಹಳಿಯಲಾರೆನು. ಆದರೆ ಆ ರಾತ್ರಿ ನನ್ನ ಮನೆಯವರು ಕಣ್ಣೀರಿಟ್ಟರು. ಮರುದಿನ ಇಬ್ಬರೂ ಶ್ರೀಮಠಕ್ಕೆ ಬಂದು ಪೂಜ್ಯರ ಮುಂದೆ ನಿಂತೆವು.

ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಆಮೇಲೆ, "ತಾಯೀ, ಮನೆಯಲ್ಲಿ ಊಟಕ್ಕೆ ಮುಂಚೆ ಏನು ಮಾಡುತ್ತೀರಿ?" ಎಂದು ಕೇಳಿದರು. "ಅಪ್ಪಾವರೇ, ಇಷ್ಟಲಿಂಗಕ್ಕೆ ಅರ್ಪಿಸಿ ಉಣ್ಣುತ್ತೇನೆ" ಎಂದರು. "ಅರ್ಪಿಸಿದ ಮೇಲೆ ಅದು ಏನಾಯಿತು?" "ಪ್ರಸಾದವಾಯಿತು." "ಮತ್ತೇಕೆ ಅಳುತ್ತೀರಿ? ಮಜ್ಜಿಗೆ ಪ್ರಸಾದವಲ್ಲ, ಹುಗ್ಗಿ ಪ್ರಸಾದವಲ್ಲ, ಅರ್ಪಿತವಾದುದು ಪ್ರಸಾದ. ವೈದ್ಯರು ಹೇಳಿದ ರೊಟ್ಟಿಯನ್ನು ತಂದು, ಪಂಕ್ತಿಯಲ್ಲಿಯೇ ಕುಳಿತು, ಅರ್ಪಿಸಿ ಉಣ್ಣಿರಿ. ಯಾರಾದರೂ ಕೇಳಿದರೆ ಮಠದ ಅಪ್ಪಣೆಯಾಗಿದೆ ಎಂದು ಹೇಳಿರಿ." ಅಷ್ಟೇ ಅಲ್ಲದೆ, ಪಾಕಶಾಲೆಯವರನ್ನು ಕರೆದು, ಆ ಐದು ದಿನವೂ ಬೇರೆ ಚಿಕ್ಕ ಪಾತ್ರೆಯಲ್ಲಿ, ನಾವು ಒಯ್ದ ಉಪ್ಪಿನಲ್ಲಿ, ಒಂದು ಪಲ್ಯವನ್ನು ಮಾಡಿಕೊಡಲು ಹೇಳಿದರು. ನನ್ನ ಮನೆಯವರು ಪಂಕ್ತಿಯನ್ನೂ ಬಿಡಲಿಲ್ಲ, ಪಥ್ಯವನ್ನೂ ಬಿಡಲಿಲ್ಲ.

ಚಿಕಿತ್ಸೆಯ ದಿನ ಬಂದಿತು. ಔಷಧಿಯೆಂದರೆ ಒಂದು ಗುಳಿಗೆ. ನುಂಗಲು ಒಂದು ನಿಮಿಷ. ಅನಂತರ ಕೆಲವು ದಿನ ಏಕಾಂತವಾಸ. ಆ ಅವಧಿಯಲ್ಲಿ ರೋಗಿಯ ಬೆವರು, ಜೊಲ್ಲು, ಮೂತ್ರಗಳಲ್ಲಿ ಕಿರಣ ಸೂಸುವ ಅಯೋಡಿನ್ ಹೊರಬರುವುದರಿಂದ ಅವರನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸುತ್ತಾರೆ. ಇಲ್ಲಿ ನಮ್ಮವರಿಗೆ ಬರತಕ್ಕ ಸಂದೇಹವೊಂದುಂಟು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಬಾರದಷ್ಟೆ. ನಾವು ಈ ಮಾತನ್ನು ಮುಂಚಿತವಾಗಿಯೇ ಆಸ್ಪತ್ರೆಯವರಲ್ಲಿ ಎತ್ತಿದೆವು. ಬೆಳ್ಳಿಯ ಕರಡಿಗೆಯು ಚಿತ್ರ ತೆಗೆಯುವಾಗ ಅಡ್ಡಬರುವುದರಿಂದ ಅದನ್ನು ಮನೆಯಲ್ಲಿರಿಸಿ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬರಲು ಒಪ್ಪಿದರು. ಹೊರಬರುವಾಗ ಕಿರಣಮಾಪಕ ಯಂತ್ರದಿಂದ ಪರೀಕ್ಷಿಸಿ ಕಳುಹಿಸಿದರು. ಮೊದಲೇ ಕೇಳಿದರೆ ದಾರಿಯುಂಟು. ಬಾಗಿಲಲ್ಲಿ ನಿಂತು ಹಟಮಾಡಿದರೆ ಇಬ್ಬರಿಗೂ ಕ್ಲೇಶ.

ಮನೆಗೆ ಬಂದ ಮೇಲೆಯೂ ಆಸ್ಪತ್ರೆಯವರು ಹೇಳಿದಷ್ಟು ದಿನ ಮಕ್ಕಳಿಂದಲೂ ಬಸುರಿಯರಿಂದಲೂ ದೂರವಿರಬೇಕು. ತಟ್ಟೆ, ಲೋಟ, ಹಾಸಿಗೆ ಬೇರೆ ಇರಬೇಕು. ತಾನು ಉಂಡ ತಟ್ಟೆಯಿಂದ ಮೊಮ್ಮಗನಿಗೆ ತುತ್ತು ಕೊಡುವ ಅಜ್ಜಿಯರು ನಮ್ಮಲ್ಲಿ ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಆ ದಿನಗಳಲ್ಲಿ ಆ ತುತ್ತು ಬೇಡ. ಗರ್ಭಿಣಿಯರಿಗೆ ಈ ಚಿಕಿತ್ಸೆಯನ್ನು ಕೊಡುವುದೇ ಇಲ್ಲ. ಮೊಲೆಯೂಡಿಸುವ ತಾಯಂದಿರು ಚಿಕಿತ್ಸೆಗೆ ವಾರಗಳ ಮೊದಲೇ ಅದನ್ನು ನಿಲ್ಲಿಸಬೇಕಾಗುತ್ತದೆ. ಚಿಕಿತ್ಸೆಯಾದ ಸ್ತ್ರೀಯರು ಆರರಿಂದ ಹನ್ನೆರಡು ತಿಂಗಳವರೆಗೆ ಬಸಿರಾಗದಿರುವಂತೆ ವೈದ್ಯರು ಸೂಚಿಸುತ್ತಾರೆ. ಸೊಸೆಯಂದಿರಿರುವ ಮನೆಯ ಹಿರಿಯರು ಇದನ್ನು ತಿಳಿದಿರತಕ್ಕದ್ದು.

ಇನ್ನು ಒಂದು ಎಚ್ಚರಿಕೆಯನ್ನು ಹೇಳಿ ಮುಗಿಸುವೆನು. ನನ್ನ ಮಾತನ್ನು ಅರ್ಧ ಕೇಳಿ ಮನೆಗೆ ಹೋದವರು, ಅಯೋಡಿನ್ ವಿಷವೆಂದೂ ಅದು ಬೆರೆತ ಉಪ್ಪು ಅರ್ಬುದಕ್ಕೆ ಕಾರಣವೆಂದೂ ತಿಳಿದಾರು. ಖಂಡಿತವಾಗಿ ಹಾಗಲ್ಲ. ಬಸುರಿಯರಿಗೆ ದಿನಕ್ಕೆ ೨೫೦ ಮೈಕ್ರೋಗ್ರಾಂ ಬೇಕು. ಅದು ದೊರೆಯದಿದ್ದರೆ ಹುಟ್ಟುವ ಶಿಶುವಿನ ಬುದ್ಧಿಯೇ ಕುಂದುತ್ತದೆ. ನಾಡಿನ ಮಕ್ಕಳನ್ನು ಗಳಗಂಡದಿಂದಲೂ ಜಡಬುದ್ಧಿಯಿಂದಲೂ ಕಾಪಾಡುತ್ತಿರುವುದು ಆ ಒಂದು ಚಿಟಿಕೆ ಉಪ್ಪು. ನಾನು ಹೇಳಿದ ಪಥ್ಯವು ಒಂದು ರೋಗಕ್ಕೆ, ಒಬ್ಬ ರೋಗಿಗೆ, ಒಂದೆರಡು ವಾರಕ್ಕೆ. ಆಸ್ಪತ್ರೆಯವರು ನಿಲ್ಲಿಸೆಂದ ದಿನ ನನ್ನ ಮನೆಯವರೂ ಎಂದಿನ ಉಪ್ಪಿಗೆ, ಎಂದಿನ ಮಜ್ಜಿಗೆಗೆ ಮರಳಿದರು. ಮನೆಯ ಉಳಿದವರು ಈ ಪಥ್ಯವನ್ನು ಮಾಡಬೇಕಾದುದೂ ಇಲ್ಲ.

ಶರಣರು ದೇಹವನ್ನು ದಂಡಿಸುವುದೇ ಧರ್ಮವೆಂದು ಹೇಳಲಿಲ್ಲ; ದೇಹವನ್ನು ಶಿವನ ನೆಲೆಯೆಂದು ಬಗೆದು, ಕಾಯಕಕ್ಕೂ ದಾಸೋಹಕ್ಕೂ ಅದನ್ನು ಸಾಧನವನ್ನಾಗಿ ಮಾಡಿಕೊಂಡರು. ಆದುದರಿಂದ ಪಥ್ಯವನ್ನು ಸಡಿಲಿಸುವುದು ಹೇಗೆ ತಪ್ಪೋ, ಭಕ್ತಿಯ ಭರದಲ್ಲಿ ವಿಧಿಸಿದುದಕ್ಕಿಂತ ಹೆಚ್ಚಾಗಿ ಬಿಗಿಯುವುದೂ ಹಾಗೆಯೇ ತಪ್ಪು. ಎರಡು ವಾರ ಹೇಳಿದಲ್ಲಿ ಎರಡು ವಾರ. ಅಯೋಡಿನ್ ಹೇಳಿದಲ್ಲಿ ಅಯೋಡಿನ್.

ಈ ಮಹೋತ್ಸವದ ಸಂದರ್ಭದಲ್ಲಿ ಶ್ರೀಮಠದ ಪಾಕಶಾಲೆಯವರಲ್ಲಿ ನನ್ನದೊಂದು ವಿನಂತಿಯಿದೆ. ನಮಗಾಗಿ ಒಲೆಯ ಮೂಲೆಯಲ್ಲಿಟ್ಟ ಆ ಚಿಕ್ಕ ಪಾತ್ರೆಯನ್ನು ಎತ್ತಿಡಬೇಡಿರಿ. ಅಯೋಡಿನ್ನಿನ ಪಥ್ಯದವರು ಅಪರೂಪಕ್ಕೆ ಬಂದಾರು. ಮಧುಮೇಹದವರು, ಮೂತ್ರಪಿಂಡದ ರೋಗದವರು ನಿತ್ಯವೂ ಬರುತ್ತಾರೆ. ಅವರೆಲ್ಲರೂ ಸಂಕೋಚದಿಂದ ಪಂಕ್ತಿಯನ್ನು ಬಿಟ್ಟು ಹೋಗದಂತೆ ಆ ಪಾತ್ರೆ ಅಲ್ಲಿಯೇ ಇರಲಿ.

ನನ್ನ ಮನೆಯವರು ಈಗ ವರುಷಕ್ಕೊಮ್ಮೆ ಪರೀಕ್ಷೆಗೆ ಹೋಗಿಬರುತ್ತಾರೆ. ಈ ಹೊತ್ತು ಅವರು ಸಭೆಯಲ್ಲಿಲ್ಲ. ಹಿಂದಿನ ಪಾಕಶಾಲೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾರೆ. ತಾವು ಇನ್ನು ಸ್ವಲ್ಪ ಹೊತ್ತಿಗೆ ಸ್ವೀಕರಿಸುವ ಪ್ರಸಾದದಲ್ಲಿ ಅವರ ಕೈಯ ರೊಟ್ಟಿಯೂ ಇರುತ್ತದೆ.